ಇಲೆಕ್ಟ್ರಾನ್‌ಗಳಿಗೂ ಆಯುಧಪೂಜೆ

ತೊಂಬತ್ತೇಳರಲ್ಲಿ ಹೊಳೆನರಸೀಪುರದ ದೇವರಾಜುವಿನ ಸೆಂಟರಿನಲ್ಲಿ ಒಂದು ಕಂಪ್ಯೂಟರಿಗೆ ದಿನದ ಬಾಡಿಗೆ ನೂರೈವತ್ತು ರೂಪಾಯಿ. ಇಪ್ಪತ್ತು ಮಸಾಲೆ ದೋಸೆಯ ದುಡ್ಡು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಆತ್ರೇಯ ಮೇಷ್ಟ್ರು ಏಳು ದಿನಕ್ಕೆಂದು ನೂರನಲವತ್ತು ದೋಸೆ ಮುಂಗಡ ಕಟ್ಟಿದ್ದರು. ಏಳನೆಯ ದಿನ ಸಂಜೆ ಐದಕ್ಕೆ ಲೆಕ್ಕ ಮುಗಿದು ಉತ್ತರ ಬರಬೇಕು. ನಡುವೆ ನಿಂತರೆ ಮತ್ತೆ ಮೊದಲಿನಿಂದ. ಮತ್ತೆ ಮಾಡಲು ಸಮಯವಿರಲಿಲ್ಲ; ಅವರ ಪಿಎಚ್.ಡಿ. ಗಡುವಿಗೆ ಉಳಿದದ್ದು ಮೂರೇ ದಿನ.

ಆ ಏಳನೆಯ ದಿನವೇ ಆಯುಧಪೂಜೆ.

"ಮಿಷನ್ ನಿಲ್ಸಿ ಮೇಷ್ಟ್ರೇ," ಅಂದ ದೇವರಾಜು. ಹೊಗೆಸೊಪ್ಪಿನ ದುಡ್ಡಿನಲ್ಲಿ ಸೆಂಟರ್ ತೆರೆದಿದ್ದ ಅವನಿಗೆ ಕಂಪ್ಯೂಟರಿನ ಬಗ್ಗೆ ಗೊತ್ತಿದ್ದದ್ದು ಬಾಡಿಗೆ ಮಾತ್ರ. "ಇವತ್ತು ನಮ್ ಟ್ರ್ಯಾಕ್ಟರೇ ಮಲಗೈತೆ. ಇದ್ರೊಳಗೆ ಅಂಥಾದ್ದೇನು ನಡೀತೈತೆ?"

"ಮೂವತ್ತೆರಡು ಪರಮಾಣು ಒಂದೇ ಸಾಲಲ್ಲಿ ನಿಂತು ಅಲ್ಲಾಡ್ತಿವೆ ದೇವರಾಜು. ಮಧ್ಯೆ ಇಲೆಕ್ಟ್ರಾನ್‌ಗಳು ಒಂದನ್ನೊಂದು ತಳ್ಳಾಡ್ಕೊಂಡು ಓಡಾಡ್ತಿವೆ. ಮುಂದಕ್ಕೆ ಹೋಗ್ತವೋ, ಸಿಕ್ಕಿಹಾಕ್ಕೊಳ್ತವೋ ನೋಡ್ಬೇಕು."

"ಜನ ತುಂಬ್ಕೊಂಡ ಹಳ್ಳಿಮೈಸೂರು ಬಸ್ಸು ಅನ್ನಿ. ಅದನ್ನ ನೋಡಾಕೆ ಏಳು ದಿನ ಬೇಕಾ? ನಿಲ್ಸಿ, ಅವಕ್ಕೂ ಹಬ್ಬ ಬ್ಯಾಡ್ವಾ?"

ಮೇಷ್ಟ್ರು ಮೆಲ್ಲಗೆ ಪರದೆಯನ್ನಷ್ಟೇ ಆರಿಸಿದರು. ಪರದೆ ಕಪ್ಪಾಯಿತು, ಪೆಟ್ಟಿಗೆ ದುಡಿಯುತ್ತಲೇ ಇತ್ತು. ದೇವರಾಜು ಕೈಮುಗಿದ.

ಅವನ ತಾಯಿ ಸುಬ್ಬಮ್ಮ ಕುಂಕುಮ ಹಚ್ಚಲು ಬಂದು ಪೆಟ್ಟಿಗೆಯ ಮೇಲೆ ಕೈಯಿಟ್ಟರು. "ಮೈ ಸುಡ್ತಾ ಐತಲ್ಲಪ್ಪ. ಗೊರ್ ಅಂತ ಬ್ಯಾರೆ ಅಂತೈತೆ."

"ಆರು ದಿನ ದುಡಿದಿದೆ ಕಣಮ್ಮ. ನಿದ್ದೆ ಹೋಗಿದೆ, ಗೊರಕೆ," ಅಂದರು ಮೇಷ್ಟ್ರು.

"ಅಯ್ಯೋ ಪಾಪ," ಎಂದು ಸುಬ್ಬಮ್ಮ ಶಾಲು ತಂದು ಹೊದಿಸಿದರು. ಪೆಟ್ಟಿಗೆಗೆ ಉಸಿರು ಕಟ್ಟೀತೆಂದು ಮೇಷ್ಟ್ರು ತೆಗೆದರು. ಅವರು ಹೊದಿಸಿದರು, ಇವರು ತೆಗೆದರು. ತೊಟ್ಟಿಲ ಕೂಸಿಗೂ ಅಷ್ಟು ಉಪಚಾರ ನಡೆದಿರಲಿಕ್ಕಿಲ್ಲ.

ಅಷ್ಟರಲ್ಲಿ ಲೈನ್‌ಮನ್ ಬೈರಯ್ಯ ಬಂದ. "ಕಂಬಕ್ಕೂ ಪೂಜೆ ಮಾಡ್ಬೇಕು ಸಾ, ಒಂದರ್ಧ ಗಂಟೆ ಕರೆಂಟ್ ತೆಗೀತೀನಿ."

ಮೇಷ್ಟ್ರು ಪೂಜೆಯ ಪ್ರಸಾದದಲ್ಲಿ ತಮ್ಮ ಪಾಲಿಗೆ ಬಂದ ಕೊಬ್ಬರಿ ಮಿಠಾಯಿಯನ್ನೆಲ್ಲ ಅವನ ಕೈಗೆ ಸುರಿದರು. ಬೈರಯ್ಯ ಅಗಿಯುತ್ತಾ, "ಆಯ್ತು ಬುಡಿ ಸಾ, ಕಂಬಕ್ಕೆ ನಾಳೆ ಮಾಡಿದ್ರಾಯ್ತು," ಎಂದು ಹೊರಟ.

ಗಂಟೆ ನಾಲ್ಕೂ ಮುಕ್ಕಾಲು. ಇನ್ನು ಕಾಲು ಗಂಟೆ. ಮೇಷ್ಟ್ರ ಎದೆ ಅವರ ಪರಮಾಣುಗಳಿಗಿಂತ ಜೋರಾಗಿ ಅಲ್ಲಾಡುತ್ತಿತ್ತು.

"ಪೂಜೆ ಮುಗೀತು, ಒಳ್ಳೆ ಗಳಿಗೆ. ಈಗ ಮಿಷನ್ ಎಬ್ಬುಸ್ಬೇಕು," ಎಂದರು ಸುಬ್ಬಮ್ಮ.

"ಬೇಡಮ್ಮ, ಬೇಡ."

"ಯಾಕಪ್ಪ?"

ಮೇಷ್ಟ್ರು ಬಾಯಿ ತೆರೆದರು. ನಿಲ್ಲಿಸಿಯೇ ಇರಲಿಲ್ಲ ಅಂದರೆ ಇಡೀ ಪೂಜೆಗೇ ಸುಳ್ಳು ಹೇಳಿದಂತೆ. ಬೇರೆ ನೆಪ ಹುಡುಕತೊಡಗಿದರು.

"ಪೆಟ್ಟಿಗೆ ಮ್ಯಾಲಿನ ಆ ದಪ್ಪ ಗುಂಡಿ ಒತ್ತವ್ವ," ಅಂದ ದೇವರಾಜು.

ಟಕ್.

"ನೋಡಿ, ಎದ್ಬುಡ್ತು," ಅಂದರು ಸುಬ್ಬಮ್ಮ. "ಗೊರಕೆ ನಿಂತೋಯ್ತು."

ದೇವರಾಜು ನ್ಯಾಯವಂತ. ಜೇಬಿನಿಂದ ನೂರೈವತ್ತು ತೆಗೆದು ಕೊಟ್ಟ. "ಇವತ್ತಿನ ಬಾಡಿಗೆ ವಾಪಸ್ ಇಟ್ಕಳಿ ಮೇಷ್ಟ್ರೇ. ಮಿಷನ್ ದಿನವೆಲ್ಲ ಮಲಗಿತ್ತಲ್ಲ."

ಹೋದದ್ದು ನೂರಿಪ್ಪತ್ತು ದೋಸೆ, ಒಂದು ಪಿಎಚ್.ಡಿ. ಉಳಿದದ್ದು ಇಪ್ಪತ್ತು ದೋಸೆ, ಪ್ರಸಾದದ ಒಂದು ಪೊಟ್ಟಣ ಕಡ್ಲೆಪುರಿ.