ಸಕ್ಕರೆ ಡಬ್ಬಿಯ ಇರುವೆ

ಬೀದಿಯವರು ಏನಾದರೂ ಹೇಳಿಕೊಳ್ಳಲಿ, ನನ್ನ ಅಡುಗೆಮನೆಯಲ್ಲಿ ಇರುವೆಗಳು ಇರಲೇ ಇಲ್ಲ. ಅವನ್ನು ಹುಟ್ಟಿಸಿದವಳು ನಾನು. ಭಯಕ್ಕೆ ಹುಟ್ಟಿಸಿದೆ.

ನನ್ನ ಕೈಗೆ ಸಂಧಿವಾತ ಬಂದು ವರ್ಷಗಳೇ ಕಳೆದವು. (ಡಾಕ್ಟರು ಹೇಳುವ ಉದ್ದ ಹೆಸರು ನನ್ನ ನಾಲಿಗೆಯಲ್ಲಿ ಹೊರಳುವುದಿಲ್ಲ. ಬೆರಳೇ ಹೊರಳದವಳಿಗೆ ನಾಲಿಗೆ ಹೊರಳಿ ಆಗಬೇಕಾದ್ದೇನು?) ಗೆಣ್ಣುಗಳು ಊದಿಕೊಂಡು, ಬೆರಳುಗಳೆಲ್ಲ ಒಂದೇ ಕಡೆಗೆ ವಾಲಿವೆ, ತಿರುವಿನಲ್ಲಿ ಬಸ್ಸು ಹೊರಳಿದಾಗ ನಿಂತ ಜನ ವಾಲುವ ಹಾಗೆ. ಈ ಹೋಲಿಕೆ ನಮ್ಮ ಯಜಮಾನರದು. ಅವರು ಕಂಡಕ್ಟರ್ ಆಗಿದ್ದವರು. ಕೊರಳಿಂದ ಸೀಟಿ ಇಳಿದರೂ ಬಾಯಿಂದ "ರೈಟ್" ಇನ್ನೂ ಇಳಿದಿಲ್ಲ.

ದಿನಾ ಬೆಳಗ್ಗೆ ಕಣ್ಣು ಬಿಡುವುದಕ್ಕೆ ಮೊದಲು ಬೆರಳು ಬಿಡಿಸಿ ನೋಡುತ್ತೇನೆ. ಹೆಬ್ಬೆರಳೇ, ಇದ್ದೀಯಾ? ತೋರುಬೆರಳೇ? ಹಾಜರಿ ಕೂಗುವ ಮೇಷ್ಟರ ಹಾಗೆ ಒಂದೊಂದನ್ನೇ ಕರೆಯುತ್ತೇನೆ. ಒಂದು ದಿನ ಯಾವುದೂ ಓಗೊಡದಿದ್ದರೆ? ಅಲ್ಲಿಗೆ ಯೋಚನೆ ನಿಲ್ಲಿಸಿ ಎದ್ದುಬಿಡುತ್ತೇನೆ.

ನನ್ನ ಅಕ್ಕನಿಗೂ ಇದೇ ಕಾಯಿಲೆ ಇತ್ತು. ಮನೆಯವರು ಮೊದಲು ಅವಳ ಕೈಯಿಂದ ಸೌಟು ತೆಗೆದುಕೊಂಡರು, "ನೀನು ಕೂತ್ಕೋ" ಎಂದು. ಆಮೇಲೆ ಬಾಚಣಿಗೆ. ಆಮೇಲೆ ಊಟದ ಚಮಚ. ಕೊನೆಗೆ ಕಿಟಕಿಯ ಪಕ್ಕ ಕೂತು, ಮಡಿಲಲ್ಲಿದ್ದ ತನ್ನ ಕೈಗಳನ್ನೇ, ಯಾರೋ ನೋಡಿಕೊಳ್ಳಿ ಎಂದು ಬಿಟ್ಟುಹೋದ ಸಾಮಾನಿನ ಹಾಗೆ ನೋಡುತ್ತಿದ್ದಳು. ಯಾರೂ ಅವಳಿಗೆ ಕೆಟ್ಟದ್ದು ಮಾಡಲಿಲ್ಲ. ಎಲ್ಲರೂ ಒಳ್ಳೆಯವರೇ. ಅದನ್ನು ನೆನೆದರೇ ನನಗೆ ಹೆಚ್ಚು ದಿಗಿಲು.

ಹಾಗಾಗಿ ನನ್ನ ಕೈಯ ಸ್ಥಿತಿ ರಾಜರಹಸ್ಯವಾಯಿತು. ನಲ್ಲಿ ತಿರುಗಿಸುವುದು ಮೊಣಕೈಯಲ್ಲಿ, ಬಾಗಿಲು ದೂಡುವುದು ಸೊಂಟದಲ್ಲಿ, ಪಾತ್ರೆ ಎತ್ತುವುದು ಎರಡು ಅಂಗೈಗಳ ನಡುವೆ ಒತ್ತಿ. ತಿರುಪಿನ ಮುಚ್ಚಳ ಮಾತ್ರ ಯಾವ ಉಪಾಯಕ್ಕೂ ಬಗ್ಗಲಿಲ್ಲ. ಆಗ ಹೊಳೆದದ್ದೇ ಪಿಪೀಲಿಕಾಸ್ತ್ರ.

"ರೀ, ಈ ಸಕ್ಕರೆ ಡಬ್ಬೀಲಿ ಇರುವೆ ಇದೆಯಾ ನೋಡ್ರಿ. ನನ್ನ ಕಣ್ಣಿಗೆ ಕಾಣಲ್ಲ."

"ಬೆಳಕಲ್ಲಿ ನೋಡ್ಬೇಕು ಕಣೇ," ಎಂದು ಯಜಮಾನರು ಡಬ್ಬಿ ಹಿಡಿದು ಹೊರಗೆ ಹೋಗುವರು. ಮುಚ್ಚಳ ತೆಗೆದೇ ವಾಪಸು ತರುವರು. "ಒಂದೂ ಇಲ್ಲ. ರೈಟ್!"

ಚಹಾಪುಡಿಗೂ ಹಾಗೇ, ಉಪ್ಪಿನ ಡಬ್ಬಿಗೂ ಹಾಗೇ. (ಉಪ್ಪಿಗೆ ಯಾವ ಇರುವೆ ಬರುತ್ತದೆ ಎಂದು ಅವರು ಒಮ್ಮೆಯೂ ಕೇಳಲಿಲ್ಲ. ಗಂಡಸರಿಗೆ ಅಡುಗೆಮನೆಯ ಜ್ಞಾನ ಇಷ್ಟೇ ಎಂದು ಒಳಗೊಳಗೇ ನಗುತ್ತಿದ್ದೆ.)

ಹೀಗೆ ಸಾಗುತ್ತಿದ್ದಾಗ, ಮಗಳ ಕಣ್ಣೆದುರೇ ಬಿಸಿನೀರಿನ ಪಾತ್ರೆ ನನ್ನ ಕೈಯಿಂದ ಜಾರಿತು. ಕಾಲಿಗೆ ಕೂದಲೆಳೆಯಷ್ಟು ದೂರದಲ್ಲಿ ಬಿತ್ತು.

"ಸಾಕಮ್ಮ," ಎಂದಳು ಮಗಳು. ಅವಳ ಮುಖ ಬಿಳುಚಿತ್ತು. "ಆಸ್ಪತ್ರೆಯಿಂದ ಫಿಸಿಯೋ ಮೇಡಂ ಮನೆಗೇ ಬಂದು ನೋಡ್ತಾರೆ. ಅವರು ಬೇಡ ಅಂದ್ರೆ ನೀನು ಒಲೆ ಮುಟ್ಟೋ ಹಾಗಿಲ್ಲ. ಅಡುಗೆಯವರನ್ನ ಇಡೋಣ. ನೀನು ಆರಾಮಾಗಿ ಕೂತ್ಕೋ."

ಕೂತ್ಕೋ! ನನಗೆ ಅಕ್ಕನ ಕಿಟಕಿ ಕಂಡಿತು.

ಪರೀಕ್ಷೆಯ ದಿನ ಬೆಳಗ್ಗೆಯೇ ಯಜಮಾನರಿಂದ ಎಲ್ಲ ಡಬ್ಬಿಗಳ ಇರುವೆ ತಪಾಸಣೆ ಮಾಡಿಸಿ, ಮುಚ್ಚಳಗಳನ್ನು ಸುಮ್ಮನೆ ಮೇಲೆ ಕೂರಿಸಿಟ್ಟೆ. ಕೈಗಳನ್ನು ಬೆಚ್ಚನೆಯ ನೀರಿನಲ್ಲಿ ಅದ್ದಿಕೊಂಡು ಕೂತೆ. ಓದದವಳು ಪರೀಕ್ಷೆಗೆ ಹೆದರುವುದು ಹೇಗೆಂದು ಅವತ್ತು ತಿಳಿಯಿತು.

ಫಿಸಿಯೋ ಮೇಡಂ ಅಂದರೆ ನನ್ನ ಮಗಳಿಗಿಂತ ಚಿಕ್ಕ ಹುಡುಗಿ. "ಅಜ್ಜಿ, ನನಗೊಂದು ಟೀ ಮಾಡಿಕೊಡಿ. ನಾನು ಸುಮ್ನೆ ನೋಡ್ತಿರ್ತೀನಿ," ಎಂದಳು.

ಒಲೆಯ ಗುಂಡಿಯನ್ನು ಅಂಗೈಯಲ್ಲಿ ತಿರುಗಿಸಿದೆ. ಹೊತ್ತಿತು. ಭಾರವಾಗದಂತೆ ಲೋಟದಲ್ಲೇ ಮೊಗೆದು ಪಾತ್ರೆಗೆ ನೀರು ಸುರಿದೆ. ಕುದಿಯಿತು. ಸಕ್ಕರೆ ಡಬ್ಬಿಗೆ ಕೈ ಹಾಕಿದರೆ, ಮುಚ್ಚಳ ಕಲ್ಲಿನ ಹಾಗೆ ಕೂತಿದೆ!

"ಎಲ್ಲಾ ಮುಚ್ಚಳ ಸಡಿಲ ಆಗಿತ್ತಮ್ಮ," ಎಂದಳು ಬಾಗಿಲಲ್ಲಿ ನಿಂತಿದ್ದ ಮಗಳು. "ಮೇಡಂ ಬರ್ತಾರೆ ಅಂತ ನಾನೇ ಬಿಗಿ ಮಾಡಿದೆ."

ಡಬ್ಬಿಯನ್ನು ಎದೆಗೆ ಅವಚಿಕೊಂಡೆ. ಒತ್ತಿದೆ, ತಿರುವಿದೆ. ನೋವಿಗೆ ಕಣ್ಣಲ್ಲಿ ನೀರು ಬಂತೇ ಹೊರತು ಮುಚ್ಚಳ ಬರಲಿಲ್ಲ. ಬೇರೆ ದಾರಿ ಕಾಣಲಿಲ್ಲ.

"ರೀ... ಇದರಲ್ಲಿ ಇರುವೆ ಇದೆಯಾ ನೋಡ್ರಿ."

"ಬೆಳಕಲ್ಲಿ ನೋಡ್ಬೇಕು," ಎಂದು ಯಜಮಾನರು ಡಬ್ಬಿ ಹಿಡಿದು ಹೊರಟರು. "ನಾನೂ ನೋಡ್ತೀನಿ," ಎಂದು ಆ ಹುಡುಗಿ ಹಿಂದೆಯೇ ಹೊರಟಳು. ಒಲೆ ಆರಿಸಿ ನಾನೂ ಓಡಿದೆ. (ಓಡಿದೆ ಅಂದರೆ, ನನ್ನ ಮಟ್ಟಿಗೆ.)

ಯಜಮಾನರು ಬೆಳಕಿನ ಕಡೆಗೆ ತಿರುಗಲೇ ಇಲ್ಲ. ನೇರ ಪಕ್ಕದ ಸೈಕಲ್ ರಿಪೇರಿ ಅಂಗಡಿಗೆ ಹೋದರು. ಅಂಗಡಿಯವನು ತಲೆಯನ್ನೂ ಎತ್ತದೆ ಕೈ ಚಾಚಿದ.

"ಏನ್ ತಾತ, ಮತ್ತೆ ಇರುವೇನಾ? ಬೆಳಗ್ಗೆ ತಾನೇ ಎಲ್ಲ ಡಬ್ಬಿ ತೆಗೆದುಕೊಟ್ಟೆ!"

ಟ್ಯೂಬಿಗೆ ಗಾಳಿ ಹಾಕಿಸಿಕೊಳ್ಳುತ್ತಿದ್ದವನೊಬ್ಬ ನನ್ನನ್ನು ನೋಡಿ, "ಅಜ್ಜಿ, ನಿಮ್ಮನೇಲಿ ಉಪ್ಪಿಗೂ ಇರುವೆ ಬರುತ್ತಂತಲ್ಲ?" ಎಂದ.

ಭೂಮಿ ಬಾಯಿ ಬಿಡಲಿಲ್ಲ. ನಾನೇ ಬಿಟ್ಟೆ. "ರೀ, ನಿಮಗೆ ಗೊತ್ತಿತ್ತಾ?"

"ಉಪ್ಪಿನ ಡಬ್ಬಿ ಕೊಟ್ಟ ದಿನಾನೇ ಗೊತ್ತಾಯ್ತು," ಎಂದರು ಅವರು, ನೆಲ ನೋಡುತ್ತ. "ಟಿಕೆಟ್ ಹರಿದೂ ಹರಿದೂ ನನ್ನ ಹೆಬ್ಬೆರಳು ನನಗಿಂತ ಮೊದಲೇ ರಿಟೈರ್ ಆಗಿದೆ ಕಣೇ. ನನ್ನ ಕೈಲೂ ಆಗಲ್ಲ ಅಂತ ತಿಳಿದ್ರೆ ನೀನು ಹೆದರ್ತೀಯ ಅಂತ ಹೇಳ್ಲಿಲ್ಲ."

ಹೆದರಿದೆ. ನಿಜವಾಗಿಯೂ ಹೆದರಿದೆ. ಒಂದೇ ಮನೆಯಲ್ಲಿ ಎರಡು ಜೊತೆ ಕೈಗಳು, ಒಂದಕ್ಕೊಂದು ಸುಳ್ಳು ಹೇಳಿಕೊಂಡು!

ಮನೆಯೊಳಗೆ ಬಂದು ಫಿಸಿಯೋ ಮೇಡಂ ತೀರ್ಪು ಕೊಡುವ ತನಕ ನಾನು ಉಸಿರಾಡಿದ ನೆನಪಿಲ್ಲ. "ಒಲೆ ಅಜ್ಜಿ ಹತ್ರಾನೇ ಇರ್ಲಿ," ಎಂದಳು ಮಗಳಿಗೆ. "ಆಗೋ ಕೆಲಸ ಮಾಡ್ತಾ ಇರೋದೇ ಒಳ್ಳೇದು. ಭಾರದ ಪಾತ್ರೆ ಬೇಡ, ತಿರುಪಿನ ಮುಚ್ಚಳ ಬೇಡ. ಸದ್ಯಕ್ಕೆ ಅಷ್ಟು ಸಾಕು."

ಮಗಳಿಗೆ "ಸಾಕು" ಕೇಳಿಸಿತು. ನನಗೆ "ಸದ್ಯಕ್ಕೆ" ಕೇಳಿಸಿತು. ಓದು ಇಲ್ಲದಿದ್ದರೂ ನನ್ನ ಕಿವಿ ಚುರುಕು.

ಮಗಳು ಅವತ್ತೇ ಹೊಸ ಡಬ್ಬಿಗಳನ್ನು ತಂದಳು. ಕಿರುಬೆರಳು ತಾಗಿಸಿದರೆ ಮುಚ್ಚಳ ಎದ್ದು ಬರಬೇಕು, ಅಷ್ಟು ಸಡಿಲ. ಕೆಲವು ದಿನ ನನ್ನಷ್ಟು ಸುಖಿ ಯಾರೂ ಇರಲಿಲ್ಲ. ಇವತ್ತು ಬೆಳಗ್ಗೆ ಮಹಾರಾಣಿಯ ಗತ್ತಿನಲ್ಲಿ ಸಕ್ಕರೆ ಡಬ್ಬಿ ತೆರೆದೆ.

ಒಳಗೆ ಕಪ್ಪಗೆ, ಗಿಜಿಗಿಜಿ.

"ರೀ! ಇರುವೆ! ಸಕ್ಕರೆ ತುಂಬಾ ಇರುವೆ!"

"ಒಂದೂ ಇಲ್ಲ ಕಣೇ. ರೈಟ್!" ಎಂದರು ಅವರು, ಕುರ್ಚಿಯಿಂದ ಏಳದೆ. ಮಗಳು ಕಿಸಕ್ಕನೆ ನಕ್ಕಳು. ಗೋಡೆಯಾಚೆಯಿಂದ ಸೈಕಲ್ ಅಂಗಡಿಯವನು ಕೂಗಿದ: "ಅಜ್ಜೀ, ಹೊಸ ಡಬ್ಬಿ ಬಂದ್ಮೇಲೂನಾ?"

ಯಾರೂ ಬರಲಿಲ್ಲ. ನಾನು ಹಾಜರಿ ಕರೆದೆ. ಹೆಬ್ಬೆರಳು ಬಂತು, ತೋರುಬೆರಳು ಬಂತು. ಎರಡೂ ಸೇರಿ ಒಂದು ಇರುವೆಯನ್ನು ಹಿಡಿಯುವಷ್ಟರಲ್ಲಿ ಅದು ನನ್ನ ಮೊಣಕೈ ದಾಟಿತ್ತು.