ಮೇಷ್ಟ್ರ ಮನೆಯ ಬಾಂಡ್ಲಿಯಲ್ಲಿ ನನ್ನ ಲೋಡೆಡ್ ಫ್ರೈಸ್

ಅವತ್ತು ನಾನೂ ನನ್ನ ಹೆಂಡತಿ ಶಾರದೆಯೂ ಹೊಳೆನರಸೀಪುರದಿಂದ ಹಾಸನಕ್ಕೆ ಹೋಗಿದ್ದೆವು. ನನ್ನ ಮೋಟಾರ್ ರಿವೈಂಡಿಂಗ್ ಅಂಗಡಿಗೆ ತಾಮ್ರದ ತಂತಿ ಬೇಕಿತ್ತು. ಕೆಲಸ ಮುಗಿಸಿ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಹೊಸ ಅಂಗಡಿಗೆ ನುಗ್ಗಿದೆವು. ಬಾಗಿಲಲ್ಲಿ ‘ಹಲಾಲ್’ ಎಂದು ಹಸಿರು ಬೋರ್ಡು. ಒಳಗೆ ಎಲ್ಲರ ಮುಂದೂ ಒಂದೇ ತಿಂಡಿ. ಉದ್ದುದ್ದ ಹೆಚ್ಚಿ ಕರಿದ ಆಲೂಗಡ್ಡೆ, ಅದರ ಮೇಲೆ ಖಾರದ ಕೋಳಿ ಕೈಮ, ಅದರ ಮೇಲೆ ಕರಗಿದ ಚೀಸ್. ಹೆಸರು ಲೋಡೆಡ್ ಫ್ರೈಸ್ ಅಂತೆ.

ಶಾರದೆ ಒಂದು ತುಂಡು ಬಾಯಿಗಿಟ್ಟು ಯೋಚಿಸಿದಳು. “ನೋಡ್ರೀ, ಆಲೂಗಡ್ಡೆ ತಲೆ ಮೇಲೆ ಕೋಳಿ ಕೂರ್ಸವ್ರೆ, ಅಷ್ಟೇಯ. ಇದ ನಾನೇ ಮನೇಲಿ ಮಾಡ್ತೀನಿ. ಎದುರು ಮನೆ ರೆಹಾನಮ್ಮನ್ನೂ ಮೇಷ್ಟ್ರನ್ನೂ ಕರೀಬೇಕು.” ಬರುವಾಗ ಬಸ್ಸಿನಲ್ಲೇ ಫೋನ್ ಮಾಡಿ, ಭಾನುವಾರ ಊಟಕ್ಕೆ ಬನ್ನಿ ಎಂದು ಕರೆದೂಬಿಟ್ಟಳು.

ಮಾರನೆಯ ಬೆಳಿಗ್ಗೆ ನಾನು ಹಾಲು ತಂದಾಗ ಅವಳಿನ್ನೂ ಎದ್ದಿರಲಿಲ್ಲ. ಏಳಲೂ ಇಲ್ಲ.

ಬಶೀರ್ ಮೇಷ್ಟ್ರು ನಮ್ಮ ಎದುರು ಮನೆಯವರು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದವರು. ಅವರ ಹೆಂಡತಿ ರೆಹಾನಮ್ಮ ದಿನಕ್ಕೊಂದು ಸಲವಾದರೂ ನಮ್ಮ ಅಡುಗೆಮನೆಗೆ ಬಂದು ಶಾರದೆಯ ಜೊತೆ ಹರಟುತ್ತಿದ್ದರು. ಶಾರದೆ ಹೋದ ಮೇಲೆ ಆಕೆ ಸಾರಿನ ಡಬ್ಬಿಯನ್ನು ಹೊಸ್ತಿಲ ಆಚೆಯಿಂದಲೇ ಕೊಟ್ಟು ಹೋಗುತ್ತಿದ್ದರು. ಒಳಗೆ ಬರುತ್ತಿರಲಿಲ್ಲ. ನಾನೂ ಕರೆಯಲಿಲ್ಲ. ಕರೆದು ಏನು ಮಾತಾಡುವುದು ಎಂದು ಗೊತ್ತಾಗುತ್ತಿರಲಿಲ್ಲ.

ವರ್ಷದ ತಿಥಿ ಮುಗಿಯುವ ಹೊತ್ತಿಗೆ ಚನ್ನರಾಯಪಟ್ಟಣದಲ್ಲಿ ಮೇಷ್ಟ್ರ ಸ್ವಂತ ಮನೆಯ ಕೆಲಸವೂ ಮುಗಿಯಿತು. ಸೋಮವಾರ ಸಾಮಾನು ಸಾಗಿಸಲು ಲಾರಿ ಬರುತ್ತದೆ ಎಂದು ಗೊತ್ತಾಯಿತು. ಶಾರದೆ ಕರೆದ ಊಟ ಹಾಗೇ ಉಳಿದುಹೋಗುತ್ತದಲ್ಲ ಎಂದು ನನಗೆ ಸಂಕಟವಾಯಿತು. ಆದ್ದರಿಂದ ಅವರಿಬ್ಬರನ್ನೂ ಭಾನುವಾರ ಮಧ್ಯಾಹ್ನಕ್ಕೆ ಕರೆದು, ಸದರಿ ಲೋಡೆಡ್ ಫ್ರೈಸನ್ನು ನಾನೇ, ಸ್ವಹಸ್ತದಿಂದ, ಪೂರ್ತಿ ಹಲಾಲ್ ಆಗಿ ತಯಾರಿಸುವುದೆಂದು ಏಕಪಕ್ಷೀಯವಾಗಿ ತೀರ್ಮಾನಿಸಿದೆ. ಸುಟ್ಟುಹೋದ ಮೋಟಾರಿಗೆ ಜೀವ ಕೊಡುವವನಿಗೆ ಆಲೂಗಡ್ಡೆ ಯಾವ ಲೆಕ್ಕ?

ಮೊದಲ ಏಟು ಆಲೂಗಡ್ಡೆಯಿಂದಲೇ ಬಿತ್ತು. ಪೇಟೆಯ ಮಾಲು ಬೇಡವೆಂದು ಹಳ್ಳಿಮೈಸೂರಿನ ನನ್ನ ಗಿರಾಕಿಯೊಬ್ಬನ ಮನೆಗೆ ಹೋದೆ. ಅವನು ಇರಲಿಲ್ಲ. ಮೂಲೆಯಲ್ಲಿದ್ದ ಚೀಲದಿಂದ ಒಂದಷ್ಟು ತುಂಬಿಕೊಂಡು, ಅವನ ತಾಯಿಗೆ ಹೇಳಿ ಬಂದೆ. ಶನಿವಾರ ಸಂಜೆ ಅರಕಲಗೂಡಿನಿಂದ ನನ್ನ ಅಕ್ಕ ಪುಟ್ಟಮ್ಮ ಸಹಾಯಕ್ಕೆ ಬಂದಳು. ಒಂದು ಗೆಡ್ಡೆ ಎತ್ತಿ ಮೂಸಿ ನನ್ನ ಮುಖ ನೋಡಿದಳು.

“ಲೇ ಮಂಜ, ಇದ್ಯಾವ ಗೆಡ್ಡೆಲಾ?”

“ಆಲೂಗಡ್ಡೆ ಕಣಕ್ಕ. ವಲದ್ದು.”

“ವಲದ್ದಲ್ಲ, ವಲಕ್ಕೆ ಓಗೋದು. ಬಿತ್ತನೆ ಗೆಡ್ಡೆ ಕಣ್ಲಾ. ಮದ್ದು ಸವರವ್ರೆ. ಇದ ಕರ್ದು ಬಡುಸ್ಬುಟ್ರೆ ಮೇಷ್ಟ್ರು ಚನ್ರಾಯ್‌ಪಟ್ಣಕ್ಕೆ ಓಗಕಿಲ್ಲ, ಸೀದಾ ಆಸ್ಪತ್ರೆಗೇ ಓಯ್ತಾರೆ.”

ಹಾಸನ ಜಿಲ್ಲೆಯಲ್ಲಿ ಹುಟ್ಟಿ ತಲೆ ನರೆತವನು ಬಿತ್ತನೆ ಗೆಡ್ಡೆ ಯಾವುದು, ತಿನ್ನುವ ಗೆಡ್ಡೆ ಯಾವುದು ಎಂದು ತಿಳಿಯದೆ ನಿಂತಿದ್ದೆ. ಗೆಡ್ಡೆ ವಾಪಸ್ ಕೊಟ್ಟು ಪೇಟೆಯಲ್ಲೇ ತಂದೆ.

ಭಾನುವಾರ ಬೆಳಿಗ್ಗೆ ಕೋಳಿ ಅಂಗಡಿಯ ಮುಂದೆ ನಿಂತು ಗಂಭೀರವಾಗಿ ಕೇಳಿದೆ: “ಭಾಯಿ, ಇದು ಹಲಾಲ್ ತಾನೆ?”

ಭಾಯಿ ಕತ್ತಿ ಕೆಳಗಿಟ್ಟರು. “ಮಂಜಣ್ಣ, ನಿಮ್ಮ ಮದ್ವೆ ಆದಾಗಿಂದ ನೀವು ಕೋಳಿ ತಗೊಳ್ತಾ ಇರೋದು ನಮ್ಮತ್ರಾನೇ. ಇಷ್ಟು ವರ್ಷ ಏನು ತಿಂದ್ರಿ ಅಂದ್ಕೊಂಡಿದ್ರಿ?”

ತೆಪ್ಪಗೆ ಅರ್ಧ ಕೆ.ಜಿ. ಕೈಮ ಕೊಚ್ಚಿಸಿಕೊಂಡು ಬಂದೆ.

ಒಲೆ ಹಚ್ಚುವ ಹೊತ್ತಿಗೆ ಮುಖ್ಯ ಸಂಶಯ ಎದ್ದಿತು. ನಮ್ಮಲ್ಲಿ ಬಾಡೂಟಕ್ಕೆಂದೇ ಎರಡು ಬಾಂಡ್ಲಿಗಳಿವೆ. ಭಾವ ಬಂದಾಗ ಒಂದರಲ್ಲಿ ಹಂದಿ ಸಾರು ಮಾಡಿದ್ದರು. ಯಾವುದರಲ್ಲಿ? ಅದು ಗೊತ್ತಿದ್ದವಳು ಶಾರದೆ.

“ಅಕ್ಕ, ಭಾವ ಹಂದಿ ಬೇಯ್ಸಿದ್ದು ಯಾವುದ್ರಲ್ಲಿ?”

“ದೊಡ್ಡುದ್ರಲ್ಲಿ,” ಎಂದಳು ಅಕ್ಕ. ಚಿಕ್ಕದನ್ನೂ ಎತ್ತಿ ನೋಡಿ, “ಸಾಲ್ದೆ ಚಿಕ್ಕುದ್ಕೂ ಆಕುದ್ರು ಅನ್ಸುತ್ತೆ,” ಎಂದಳು.

ಎರಡೂ ಬಾಂಡ್ಲಿಗಳನ್ನು ಹಿತ್ತಲಿಗೆ ಗಡೀಪಾರು ಮಾಡಿ, ಎದುರು ಮನೆಯ ಬಾಗಿಲು ತಟ್ಟಿದೆ. ಹಲಾಲ್ ಬಾಂಡ್ಲಿ ಅಲ್ಲಿರುವಷ್ಟು ಖಾತ್ರಿಯಾಗಿ ಇನ್ನೆಲ್ಲಿರುತ್ತದೆ?

ರೆಹಾನಮ್ಮ ನಕ್ಕರು. “ಅಣ್ಣ, ಊಟಕ್ಕೆ ಕರ್ದು ನಮ್ಮ ಬಾಂಡ್ಲೀನೇ ಕೇಳ್ತಿದೀರಲ್ಲ. ಪಾತ್ರೆ ಎಲ್ಲ ಮೂಟೆ ಕಟ್ಟಿದೀನಿ.” ಆದರೂ ಒಂದು ಮೂಟೆ ಬಿಚ್ಚಿ ಕೊಟ್ಟರು. ಮನೆಗೆ ಬಂದ ಮೇಲೆ ಚಾಕುವಿನ ಮೇಲೂ ಅನುಮಾನ ಬಂತು. ಇನ್ನೊಂದು ಮೂಟೆ ಬಿಚ್ಚಿತು. ಆಮೇಲೆ ಜಾಲರಿ ಸೌಟು. ಮೂರನೆಯ ಸಲ ಹೋದಾಗ ಮೇಷ್ಟ್ರೇ ಹೊರಬಂದು, “ಮಂಜಣ್ಣನವರೇ, ಲಾರಿಯವನಿಗೆ ನಾಳೆ ಬಾರಯ್ಯ ಎನ್ನಲೋ, ಮುಂದಿನ ವಾರ ಎನ್ನಲೋ?” ಎಂದು ವಿಚಾರಿಸಿದರು.

ಆಲೂಗಡ್ಡೆ ಕರಿದೆ. ಅರ್ಧ ಕೆಂಪಗಾದವು, ಅರ್ಧ ಕಪ್ಪಾದವು. ಕೆಂಪಗಿದ್ದುದನ್ನು ಆರಿಸಿ ಬೇರೆ ತಟ್ಟೆಗೆ ಹಾಕಿದೆ. ಎಣ್ಣೆ ಬಸಿದು ಅದೇ ಬಾಂಡ್ಲಿಗೆ ಕೈಮ ಹಾಕಿ, “ಅಕ್ಕ, ತಿರುವ್ತಾ ಇರು,” ಎಂದು ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ಅತಿಥಿಗಳು ಒಳಗೆ ಬಂದು ಕೂತಿದ್ದರು. ರೆಹಾನಮ್ಮ ಹೊಸ್ತಿಲು ದಾಟಿ, ಕುರ್ಚಿಯ ತುದಿಯಲ್ಲಿ, ಸೆರಗು ಬಿಗಿ ಹಿಡಿದು ಕೂತಿದ್ದರು. ನನಗೆ ಅಷ್ಟೇ ಸಾಕಾಗಿತ್ತು.

ಅಡುಗೆಮನೆಗೆ ಹೋಗಿ ನೋಡಿದರೆ ಬಾಂಡ್ಲಿ ತುಂಬ ಕೈಮ. ನನ್ನ ಕೈಗುಣಕ್ಕೆ ನಾನೇ ಬೆರಗಾದೆ. “ನೋಡಕ್ಕ, ಅರ್ಧ ಕೆ.ಜಿ. ಎಷ್ಟು ಉಬ್ಬಿದೆ.”

“ಉಬ್ಬಕ್ಕೆ ಅದೇನ್ ಪೂರಿಯಾ? ನಾಕು ಜನಕ್ಕೆ ಎಲ್ಲಿ ಸಾಕಾಯ್ತದೆ ಅಂತ ನಾನು ತಂದಿದ್ದೂ ಕೊಚ್ಚಿ ಸೇರ್ಸ್ದೆ.”

“ನೀನು ತಂದಿದ್ದು ಯಾವುದು?”

“ಊರಿಂದ ಡಬ್ಬೀಲಿ ತಂದ್ನಲ್ಲ. ಮಾರವ್ವನ ಅರಕೆ ಕೋಳಿ. ನಿನ್ನ ಮನೆ ತಣ್ಣಗಿರ್ಲಿ ಅಂತ ನೆನ್ನೆ ಕೂದು ಬಂದೆ ಕಣಪ್ಪ.”

ನಾನು ಒಲೆ ಆರಿಸಿದೆ. ದೇವರಿಗೆ ಬಲಿಕೊಟ್ಟ ಕೋಳಿಯನ್ನು ಅವರು ತಿನ್ನುವುದಿಲ್ಲ. ಅಕ್ಕನಿಗೆ ಅದು ತಿಳಿಯದು, ನಾನು ಹೇಳಿರಲಿಲ್ಲ. ಬೈಯುವಂತೆಯೂ ಇಲ್ಲ. ಹರಕೆ ಹೊತ್ತದ್ದು ನನಗಾಗಿ.

“ಯೋಳ್ದಿದ್ರೆ ಗೊತ್ತಾಯ್ತದಾ?” ಅಕ್ಕ ಪಿಸುಗುಟ್ಟಿದಳು.

ಗೊತ್ತಾಗುತ್ತಿರಲಿಲ್ಲ. ಹೇಳದಿದ್ದರೆ ಊಟ ಸಾಂಗವಾಗಿ ಮುಗಿಯುತ್ತದೆ. ಹೇಳಿದರೆ ರೆಹಾನಮ್ಮ ಎದ್ದು ಹೋಗಬಹುದು, ನಾಳೆ ಲಾರಿಯೂ ಹೋಗುತ್ತದೆ. ಅಷ್ಟರಲ್ಲಿ ಹಜಾರದಿಂದ ಮೇಷ್ಟ್ರ ದನಿ ಬಂತು: “ಪರಿಮಳ ಬಹಳ ಸೊಗಸಾಗಿದೆ. ಶಾರದಮ್ಮನವರ ಮನೆಯ ಊಟವೆಂದರೆ ನಾವು ಏನೂ ಕೇಳುವುದೇ ಇಲ್ಲ.”

ಹಾಗೆ ನಂಬಿ ಕೂತವರಿಗೆ ಹೇಗೆ ಬಡಿಸುವುದು? ಸೌಟು ಹಿಡಿದುಕೊಂಡೇ ಹಜಾರಕ್ಕೆ ಹೋಗಿ ಎಲ್ಲವನ್ನೂ ಹೇಳಿದೆ. ಹಂದಿಯ ಬಾಂಡ್ಲಿ, ಮಾರವ್ವನ ಕೋಳಿ, ಬೇಕಿಲ್ಲದಿದ್ದರೂ ಬಿತ್ತನೆ ಗೆಡ್ಡೆ. ಕೊನೆಗೆ, “ನಿಮ್ಮ ಬಾಂಡ್ಲೀನೂ ಕೆಡಿಸಿಬಿಟ್ಟೆ,” ಎಂದೆ.

ರೆಹಾನಮ್ಮ ಎದ್ದರು. ಮುಗಿಯಿತು ಎಂದುಕೊಂಡೆ.

“ಆಲೂಗಡ್ಡೆ ಮೊದ್ಲೇ ಕರ್ದಿದ್ರಾ ಅಣ್ಣ?”

“ಮೊದ್ಲೇ. ಬೇರೆ ತಟ್ಟೇಲಿದೆ.”

“ಮೊಟ್ಟೆ ಇದ್ಯಾ?”

“ಇದೆ.”

“ಮತ್ತಿನ್ನೇನು. ಬಾಂಡ್ಲಿ ತೊಳ್ದ್ರೆ ಆಯ್ತು,” ಎಂದು ಸೀದಾ ಅಡುಗೆಮನೆಗೆ ನಡೆದರು. ಅಕ್ಕ ಕೈಮವನ್ನು ನಮ್ಮ ಪಾತ್ರೆಗೆ ಸುರಿದುಕೊಂಡಳು. ರೆಹಾನಮ್ಮ ಬಾಂಡ್ಲಿ, ಚಾಕು ಉಜ್ಜಿದರು, ಈರುಳ್ಳಿ ಹೆಚ್ಚಿದರು, ಮೊಟ್ಟೆ ಒಡೆದರು. ಉಪ್ಪಿನ ಡಬ್ಬಿ ಇರುತ್ತಿದ್ದ ಜಾಗಕ್ಕೆ ನೋಡದೆಯೇ ಕೈ ಹಾಕಿದರು. ಕೈಗೆ ನನ್ನ ಟೆಸ್ಟರ್ ಸಿಕ್ಕಿತು. ಅದನ್ನು ನನ್ನ ಮುಂದೆ ಹಿಡಿದು ಬೈಯಲು ಶುರುಮಾಡಿದರು.

“ಏನಣ್ಣ ಇದು, ಅಡುಗೆಮನೇನ ವರ್ಕ್‌ಶಾಪ್ ಮಾಡಿಟ್ಟಿದೀರಿ. ಶಾರದಕ್ಕ ನೋಡಿದ್ರೆ ನಿಮ್ಮನ್ನೇ ಎಣ್ಣೇಲಿ ಕರ್ದ್ಬಿಡೋರು.”

ಅಕ್ಕ ನಕ್ಕಳು. ನಕ್ಕವಳೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ರೆಹಾನಮ್ಮನೂ ಕಣ್ಣೊರೆಸಿಕೊಂಡು ಈರುಳ್ಳಿಯನ್ನು ದೂರಿದರು.

ಚೀಸಿನ ಜವಾಬ್ದಾರಿ ಮಾತ್ರ ನನಗೆ ಕೊಟ್ಟರು. ಪ್ರತಿ ಹಾಳೆಗೂ ತೆಳ್ಳಗೆ ಪ್ಲಾಸ್ಟಿಕ್ ಸುತ್ತಿರುತ್ತದೆ ಎಂದು ನನಗೆ ತಿಳಿಯದು. ಎಷ್ಟು ಹೊತ್ತಾದರೂ ಕರಗದ್ದನ್ನು ನೋಡಿ ಮೇಷ್ಟ್ರು ಕನ್ನಡಕ ಏರಿಸಿಕೊಂಡು, “ಇದಕ್ಕೆ ಉಡುಪು ಇದೆ, ಮಂಜಣ್ಣನವರೇ,” ಎಂದರು. ಆ ಜವಾಬ್ದಾರಿಯನ್ನೂ ಅವರೇ ವಹಿಸಿಕೊಂಡರು.

ಅವರಿಬ್ಬರೂ ಮೊಟ್ಟೆಯ ಫ್ರೈಸ್ ತಿಂದರು. ನಾನೂ ಅಕ್ಕನೂ ಮಾರವ್ವನ ಫ್ರೈಸ್ ತಿಂದೆವು. ಸಂಜೆಯ ನಮಾಜಿನವರೆಗೂ ರೆಹಾನಮ್ಮ ಎದ್ದು ಹೋಗಲಿಲ್ಲ. ಅಡುಗೆಮನೆಯಲ್ಲೇ ಅಕ್ಕನ ಜೊತೆ ನೆಲದ ಮೇಲೆ ಕೂತು ಶಾರದೆಯ ಸುದ್ದಿ ಮಾತಾಡಿದರು. ಒಂದು ವರ್ಷದಿಂದ ಆ ಹೆಸರನ್ನು ನಮ್ಮ ಮನೆಯೊಳಗೆ ಯಾರೂ ಅಷ್ಟು ಗಟ್ಟಿಯಾಗಿ ಹೇಳಿರಲಿಲ್ಲ.

ಅತಿಥಿಗಳ ಬಾಂಡ್ಲಿ, ಅತಿಥಿಗಳ ಚಾಕು, ಅತಿಥಿಗಳದೇ ಅಡುಗೆ. ಆತಿಥೇಯನ ವತಿಯಿಂದ ಒದಗಿಸಲಾದ ಸಾಮಗ್ರಿ ಎಂದರೆ ಬೆಂಕಿಪೊಟ್ಟಣ.

ಸೋಮವಾರ ಲಾರಿ ಹೋಯಿತು. ಅಕ್ಕ ಅರಕಲಗೂಡಿನ ಬಸ್ಸು ಹತ್ತಿದಳು. ಈಗ ಫ್ರೈಸ್ ಮಾಡಲು ನನಗೆ ಬರುತ್ತದೆ, ಸೀಯುವುದಿಲ್ಲ. ತಿಂದು ನೋಡಿ ಚೆನ್ನಾಗಿಲ್ಲ ಎನ್ನಲು ಶಾರದೆ ಇಲ್ಲ.