ಬೆಂಜಿಗೆ ಅರಿಶಿನ ಕುಂಕುಮ

ಮೈಸೂರಿನಿಂದ ವೇದಾವತಿಯವರ ಫೋನು ಬಂದಾಗ ಲತೇಶ ಹಲ್ಲುಜ್ಜುತ್ತಿದ್ದ. ಬಾಯಿತುಂಬ ನೊರೆ ಇಟ್ಟುಕೊಂಡು ಜನರಲ್ ಮ್ಯಾನೇಜರ್ ಸಾಹೇಬರ ಹೆಂಡತಿಗೆ ನಮಸ್ಕಾರ ಹೇಳುವುದು ಹೇಗೆಂದು ಅವನು ಯೋಚಿಸುವಷ್ಟರಲ್ಲಿ ಆಕೆಯೇ ಮಾತು ಶುರುಮಾಡಿದ್ದರು.

"ಲತೇಶ್, ಇವತ್ತು ಆಯುಧಪೂಜೆ, ನೆನಪಿದೆ ತಾನೆ? ನಮ್ಮ ಕಾರಿಗೊಂದು ಪೂಜೆ ಮಾಡಿಸಿಬಿಡಿ. ಇವ್ರು ಬೇಡ ಅಂತಾರೆ. ಜರ್ಮನ್ ಕಾರಿಗೆ ದೃಷ್ಟಿಗಿಷ್ಟಿ ಏನೂ ತಾಗಲ್ವಂತೆ! ನೀವು ಅರಿಶಿನ ಕುಂಕುಮ ಧಾರಾಳವಾಗಿ ಹಚ್ಚಿ. ಇವ್ರು ಮಸ್ಕತ್ತಲ್ಲಿ ಇಳಿಯೋದು ಸಂಜೆ ಐದೂವರೆಗೆ. ಅಷ್ಟರಲ್ಲಿ ಒರೆಸಿಬಿಟ್ರೆ ಅವರಿಗೆ ಗೊತ್ತೇ ಆಗಲ್ಲ."

ಲತೇಶ ನೊರೆಯನ್ನು ನುಂಗಿ "ಆಯ್ತು ಮೇಡಂ" ಅಂದ. ಆವತ್ತಿನ ಎಲ್ಲ ಅನಾಹುತಗಳ ಬೇರು ಈ ಎರಡು ಪದಗಳಲ್ಲಿತ್ತು.

ಜನರಲ್ ಮ್ಯಾನೇಜರ್ ಹೊನ್ನಪ್ಪನವರು ರಜೆಯ ಮೇಲೆ ಊರಿಗೆ ಹೋಗುವಾಗ ತಮ್ಮ ಬಿಳಿ ಬೆಂಜ್ ಕಾರನ್ನು ಮಸ್ಕತ್ತಿನ ವಾದಿ ಅದಾಯ್‌ನಲ್ಲಿ, ಲತೇಶನ ಹೆಂಡತಿ ಪ್ರಣೀತಾ ಇದ್ದ ಕಟ್ಟಡದ ಕೆಳಗೆ ನಿಲ್ಲಿಸಿ ಹೋಗಿದ್ದರು. ದಿನಾ ಒಂದು ಸಲ ಪ್ರಣೀತಾ ಸ್ಟಾರ್ಟ್ ಮಾಡಿ ಆಫ್ ಮಾಡುವುದು, ಓಡಿಸುವುದು ಮಾತ್ರ ಬೇಡ, ಬಂದ ದಿನ ಲತೇಶ ಏರ್‌ಪೋರ್ಟಿಗೆ ತಂದರೆ ಸಾಕು ಎಂಬುದು ಅಪ್ಪಣೆ. ಬೀಗದ ಕೈ ಕೊಡುವ ಮೊದಲು ಮಾಮೂಲಿನಂತೆ ಕಾರಿನ ಪುರಾಣವೂ ಆಗಿತ್ತು. "ರೀ, ಇದು ಕಾರಲ್ಲ, ಇತಿಹಾಸ!" ಎಂದು ಶುರುವಾದರೆ ಹೊನ್ನಪ್ಪನವರು ಸುಲಭಕ್ಕೆ ನಿಲ್ಲುವವರಲ್ಲ. ಕಾರ್ಲ್ ಬೆಂಜ್ ಕಟ್ಟಿದ ಕುದುರೆಯಿಲ್ಲದ ಗಾಡಿಯನ್ನು ಯಾರೂ ನಂಬದೇ ಹೋದದ್ದು, ಅವನ ಹೆಂಡತಿ ಬೆರ್ತಾ ಗಂಡನಿಗೆ ಹೇಳದೆ ಕೇಳದೆ ಇಬ್ಬರು ಗಂಡುಮಕ್ಕಳನ್ನು ಹತ್ತಿಸಿಕೊಂಡು ಅದರಲ್ಲೇ ತವರಿಗೆ ಹೊರಟದ್ದು, ದಾರಿಯಲ್ಲಿ ಎಣ್ಣೆ ಮುಗಿದು ಔಷಧಿ ಅಂಗಡಿಯಲ್ಲಿ ಕೊಂಡದ್ದು. ಆಫೀಸಿನವರೆಲ್ಲ ಈ ಕತೆ ಶುರುವಾದೊಡನೆ ಮೊಬೈಲು ನೋಡುತ್ತಿದ್ದರು. ಲತೇಶ ಮಾತ್ರ ಕೊನೆಯವರೆಗೂ ತಲೆಯಾಡಿಸುತ್ತಿದ್ದ. ಅವನಿಗೆ ಬೇರೆ ದಾರಿಯಿರಲಿಲ್ಲ.

ಯಾಕೆಂದರೆ ಅವನು ಇದ್ದದ್ದು ಮಸ್ಕತ್ತಿನಿಂದ ನೂರು ಕಿಲೋಮೀಟರಿಗೂ ದೂರದ ಸುವೈಕ್‌ನಲ್ಲಿ, ಕಂಪನಿಯ ಪಂಪ್‌ಸೆಟ್ ಅಂಗಡಿಯಲ್ಲಿ. ಹೆಂಡತಿ ಮಸ್ಕತ್ತಿನ ಹಲ್ಲಿನ ಕ್ಲಿನಿಕ್ಕಿನಲ್ಲಿ, ಮಗಳು ತೃಷಾ ಇಲ್ಲಿಯ ಶಾಲೆಯಲ್ಲಿ. ವಾರಕ್ಕೊಂದು ಶುಕ್ರವಾರ ಮಾತ್ರ ಅವನು ಸಂಸಾರಸ್ಥ, ಉಳಿದ ದಿನ ಕುಬೂಸು ರೊಟ್ಟಿ ತಿನ್ನುವ ಬ್ರಹ್ಮಚಾರಿ. ಮಸ್ಕತ್ತಿನಲ್ಲೇ, ಖುರುಮ್‌ನ ಹೆಡ್ ಆಫೀಸಿನಲ್ಲಿ ಒಂದು ಕುರ್ಚಿ ಖಾಲಿಯಾಗಿತ್ತು. "ಬಂದ ಮೇಲೆ ನೋಡೋಣ ಲತೇಶ್. ಮೊದಲು ಕಾರು ಹೇಗೆ ನೋಡ್ಕೋತೀರಿ ಅಂತ ನೋಡ್ತೀನಿ" ಎಂದು ಹೊನ್ನಪ್ಪನವರು ನಗುತ್ತಾ ಹೇಳಿದ್ದರು. ನಗುತ್ತಾ ಹೇಳಿದರೂ ಅದು ನಗುವ ಮಾತಲ್ಲವೆಂದು ಲತೇಶನಿಗೆ ಗೊತ್ತಿತ್ತು. ಅದೇ ಕುರ್ಚಿಯ ಮೇಲೆ ಪ್ರಣೀತಾ ಇದ್ದ ಕಟ್ಟಡದ ಮೂರನೇ ಮಹಡಿಯ ಸಹೋದ್ಯೋಗಿ ಫೌಸ್ಟಿನ್‌ಗೂ ಕಣ್ಣಿತ್ತು.

ಪೂಜೆಯೆಂದ ಮೇಲೆ ಎದುರು ಮನೆಯ ಲೋಲಾಕ್ಷಕ್ಕನನ್ನು ಕರೆಯದೇ ಇರುವ ಹಾಗಿಲ್ಲ. ಕರೆಯದಿದ್ದರೂ ಬರುತ್ತಿದ್ದರು. ಮುಲ್ಕಿಯ ಹೆಂಗಸು, ಆ ಕಟ್ಟಡದ ಸಕಲ ಶುಭಕಾರ್ಯಗಳಿಗೂ ಅವರೇ ಪುರೋಹಿತರು. ಹರಿವಾಣದಲ್ಲಿ ಅರಿಶಿನ ಕಲಸಿಕೊಂಡೇ ಕೆಳಗಿಳಿದರು.

"ಇದೆಂತ ಅಕ್ಕ, ಅರಿಶಿನ ಇಷ್ಟು ದಪ್ಪ?" ಲತೇಶ ಹೆದರಿದ.

"ತೆಂಗಿನೆಣ್ಣೆ ಹಾಕಿ ಕಲಸಿದ್ದು ಮಾರಾಯ. ನೀರಲ್ಲಿ ಕಲಸಿದ್ರೆ ಈ ಬಿಸಿಲಿಗೆ ಉದುರಿಹೋಗ್ತದೆ. ದೊಡ್ಡವರ ಕಾರು. ನಾಲ್ಕು ಬೊಟ್ಟು ಇಟ್ಟು ಕೈ ತೊಳ್ಕೊಂಡ್ರೆ ಆಗ್ತದಾ?"

ನಾಲ್ಕು ಬೊಟ್ಟಿಗೆ ಮುಗಿಯಲಿಲ್ಲ. ಬಾನೆಟ್ಟಿನ ಉದ್ದಗಲಕ್ಕೆ ಒಂದು 'ಶ್ರೀ', ಬಾಗಿಲಿಗೆ ಮೂರು ಮೂರು ಗೀಟು, ಮುಂದಿನ ನಕ್ಷತ್ರಕ್ಕೆ ಅಂಗೈಯಗಲ ಅರಿಶಿನ. ಮದುವೆಯ ಹಿಂದಿನ ದಿನದ ಮದುಮಗಳಂತೆ ಕಾರು ಹಳದಿಯಾಯಿತು. ಚಕ್ರದಡಿಗೆ ನಿಂಬೆಹಣ್ಣು ಇಟ್ಟು ಲತೇಶ ಗೇರು ಹಾಕಿ ಬ್ರೇಕಿನ ಮೇಲೆ ಕಾಲಿಟ್ಟು ಕುಳಿತ. ಲೋಲಾಕ್ಷಕ್ಕ ಆರತಿ ಹಿಡಿದು ಎದುರು ಬಂದದ್ದೇ ತಡ, ಕಾರು ಕುಂಯ್ ಕುಂಯ್ ಎನ್ನತೊಡಗಿತು. ಅವರು ಹತ್ತಿರ ಬಂದಷ್ಟೂ ಅದರ ಗಾಬರಿ ಹೆಚ್ಚಾಯಿತು.

"ಅಕ್ಕ, ಹಿಂದೆ ಹೋಗಿ! ಎದುರು ಯಾರೋ ಉಂಟು ಅಂತ ಸೆನ್ಸರ್ ಕೂಗುವುದು!"

"ಕೂಗ್ಲಿ ಬಿಡು. ಗಂಟೆ ಬಾರಿಸ್ಲಿಕ್ಕೆ ಜನ ಇಲ್ಲ ಅಂತ ನಾನೂ ಚಿಂತೆಯಲ್ಲಿದ್ದೆ" ಎಂದ ಲೋಲಾಕ್ಷಕ್ಕ ಅದರ ತಾಳಕ್ಕೇ ಸರಿಯಾಗಿ ಆರತಿ ಎತ್ತಿದರು. ನಿಂಬೆಹಣ್ಣು ಪಚಕ್ಕೆಂದಿತು. ಪೂಜೆ ಸಾಂಗವಾಯಿತು.

ತೊಂದರೆ ಶುರುವಾದದ್ದು ತಿಂಡಿ ತಿಂದು ಒರೆಸಲು ಬಂದಾಗ. ಪ್ರಣೀತಾ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಕುಂಕುಮ ಹೋಯಿತು, ಎಣ್ಣೆಯ ಅರಿಶಿನ ಜಾರಿ ಜಾರಿ ಮತ್ತಷ್ಟು ಅಗಲವಾಯಿತು. ಹಾಲಿನಂಥ ಬಾನೆಟ್ಟಿನ ಮೇಲೆ 'ಶ್ರೀ' ಈಗ ಅಳಿಸಲಾಗದ ಹಳದಿ ಅಕ್ಷರದಲ್ಲಿ ಹೊಳೆಯುತ್ತಿತ್ತು.

"ನೀವು ಗಂಡ ಹೆಂಡತಿ ಆಚೆ ಹೋಗಿ" ಎಂದ ಲೋಲಾಕ್ಷಕ್ಕ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಟ್ಟೆ ಒಗೆಯುವ ಸಾಬೂನು ಪುಡಿಯನ್ನು ಅರ್ಧ ಬಕೆಟ್ ನೀರಿಗೆ ಸುರಿದು ಕಾರಿನ ಮೇಲೆ ಹೊಯ್ದೇಬಿಟ್ಟರು.

ಕರಾವಳಿಯಲ್ಲಿ ಹುಟ್ಟಿದ ಯಾರಿಗಾದರೂ ಗೊತ್ತಿರುವ ವಿಷಯವಿದು. ಅರಿಶಿನಕ್ಕೆ ಸುಣ್ಣ ಸೇರಿಸಿದರೆ ಕೆಂಪಗೆ ರಕ್ತದಂಥ ಕುರ್ದಿ ನೀರಾಗುತ್ತದೆ. ಮದುಮಕ್ಕಳಿಗೆ ಆರತಿ ಎತ್ತುವುದು ಅದರಲ್ಲೇ. ಲೋಲಾಕ್ಷಕ್ಕ ಅಂಥ ಕುರ್ದಿ ನೀರು ನೂರು ಸಲ ಕಲಸಿದವರು. ಆದರೆ ಸುಣ್ಣ ಮಾಡುವ ಕೆಲಸವನ್ನು ಸಾಬೂನೂ ಮಾಡುತ್ತದೆಂದು ಅವರಿಗೆ ತಿಳಿದದ್ದು ಆ ಕ್ಷಣದಲ್ಲಿ. ಹಳದಿ 'ಶ್ರೀ' ಕಣ್ಣೆದುರೇ ಕೆಂಪಾಯಿತು. ಬಂಪರಿನಿಂದ ಕೆಂಪು ನೀರು ತೊಟತೊಟ ತೊಟ್ಟಿಕ್ಕಿ ಚಕ್ರದ ಸುತ್ತ ಮಡುಗಟ್ಟಿತು. ನೋಡಿದವರು ಕಾರು ಯಾರನ್ನೋ ಮುಗಿಸಿಕೊಂಡೇ ಬಂದಿದೆ ಎನ್ನಬೇಕು.

ನೋಡಿದವನು ಫೌಸ್ಟಿನ್. ಶುಕ್ರವಾರದ ಪೂಜೆಗೆಂದು ಇಗರ್ಜಿಗೆ ಹೋದವನು ಇಸ್ತ್ರಿ ಅಂಗಿಯಲ್ಲಿ ಮರಳುತ್ತಿದ್ದ. ಗೇಟಿನಲ್ಲೇ ಕಾಲು ಕಿತ್ತಿಡಲಾಗದೆ ನಿಂತು ಎದೆಯ ಮೇಲೆ ಶಿಲುಬೆ ಗುರುತು ಹಾಕಿದ.

"ಲತೇಶ್, ಯಾರಿಗೆ ತಾಗಿಸಿದ್ದು? ಜೀವ ಉಂಟಾ?"

"ಅರಿಶಿನ ಮಾರಾಯ, ಅರಿಶಿನ!"

"ಅರಿಶಿನ ಹಳದಿ ಅಲ್ವಾ?"

ಇದಕ್ಕೆ ಲತೇಶನ ಬಳಿ ಉತ್ತರವಿತ್ತು, ಕೇಳಲು ಫೌಸ್ಟಿನ್ ಇರಲಿಲ್ಲ. ಮೆಟ್ಟಿಲು ಹತ್ತುತ್ತಲೇ ಒಂದು ಫೋಟೋ ತೆಗೆದು ಕಂಪನಿಯ ವಾಟ್ಸಾಪ್ ಗುಂಪಿಗೆ ಹಾಕಿದ್ದ. ಕೆಳಗೆ ಬರೆದದ್ದು ಇಷ್ಟೆ: "ಜಿ.ಎಂ. ಸಾಹೇಬರ ಕಾರು. ದಯವಿಟ್ಟು ಎಲ್ಲರೂ ಪ್ರಾರ್ಥಿಸಿ." ಅವನು ಕೆಟ್ಟವನಲ್ಲ. ಆದರೆ ಖಾಲಿ ಕುರ್ಚಿ ಎಂಥವನ ಕೈಬೆರಳನ್ನೂ ಚುರುಕು ಮಾಡುತ್ತದೆ. ಐದೇ ನಿಮಿಷದಲ್ಲಿ ಗುಂಪಿನ ತುಂಬ ಕೈಮುಗಿದ ಚಿತ್ರಗಳು. ಸೊಹಾರ್ ಬ್ರಾಂಚಿನವನೊಬ್ಬ ಅವಸರದಲ್ಲಿ ಹೊನ್ನಪ್ಪನವರ ಆತ್ಮಕ್ಕೆ ಶಾಂತಿಯನ್ನೂ ಕೋರಿದ.

"ಖುರುಮ್ ಖಲಾಸ್" ಎಂದು ಲತೇಶ ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಅವನಿಗೆ ನಿಜವಾಗಿಯೂ ಅಳು ಬಂದಿತ್ತು. ಹಿಂದಿನ ರಾತ್ರಿಯಷ್ಟೇ ತೃಷಾ, "ಅಪ್ಪಾ, ನೀವು ಡೈಲಿ ಮನೆಗೆ ಬರುವ ಅಪ್ಪ ಆಗುವುದು ಯಾವಾಗ?" ಎಂದು ಕೇಳಿದ್ದಳು.

ಪ್ರಣೀತಾ ಪಕ್ಕದಲ್ಲಿ ಕುಳಿತಳು. "ಇವರೇ, ಅಳ್ಲಿಕ್ಕೆ ಆಮೇಲೆ ಟೈಮ್ ಉಂಟು. ಸಾಹೇಬರು ದಾರಿಯಲ್ಲಿದ್ದಾರೆ, ಪ್ರಯಾಣದಲ್ಲಿ ಫೋನು ಆಫ್ ಮಾಡಿಯೇ ಇಡ್ತಾರೆ. ಅವರು ಇಳಿಯುವ ಮೊದಲು ಕಾರು ಬೆಳ್ಳಗಾಗ್ಬೇಕು. ಹಿಂದಿನ ಗಲ್ಲಿಯ ಶಾಫಿಯ ಗ್ಯಾರೇಜಿಗೆ ತಕೊಂಡು ಹೋಗಿ."

ಶುಕ್ರವಾರ ನಮಾಜು ಮುಗಿಯುವವರೆಗೆ ವಾದಿ ಅದಾಯ್‌ನ ಯಾವ ಗ್ಯಾರೇಜೂ ತೆರೆಯುವುದಿಲ್ಲ. ಶಾಫಿ ಊಟ ಮುಗಿಸಿ ಬರುವವರೆಗೆ ಲತೇಶ ಶಟರಿನೆದುರು ಕಾಯ್ದ. ಬಂಟ್ವಾಳದ ಬ್ಯಾರಿ ಶಾಫಿ ಕಾರುಗಳಿಗೆ ಪೈಂಟ್ ಹೊಡೆಯುವುದರಲ್ಲಿ ಕೂದಲು ಹಣ್ಣು ಮಾಡಿಕೊಂಡವನು. ಬಾನೆಟ್ಟನ್ನು ನೋಡಿ ಹೊಟ್ಟೆ ಹಿಡಿದು ನಕ್ಕ.

"ಇದಕ್ಕೆ ಪೈಂಟೂ ಬೇಡ, ಪಾಲಿಶೂ ಬೇಡ ಲತೇಶಣ್ಣ. ಲಿಂಬೆಹುಳಿ ತಿಕ್ಕಿ. ಕೆಂಪು ವಾಪಸ್ ಹಳದಿ ಆಗ್ತದೆ. ಆಮೇಲೆ ಬಿಸಿಲಿಗೆ ಇಡಿ. ಅರಿಶಿನ ಬಿಸಿಲಿಗೆ ನಿಲ್ಲೂದಿಲ್ಲ. ಈ ಊರಲ್ಲಿ ಬಿಸಿಲಿಗೆಂತ ಬರಗಾಲವಾ?"

ಹಾಗೇ ಆಯಿತು. ಎಣ್ಣೆಯ ಜಿಡ್ಡು ತೆಗೆದು, ನಿಂಬೆರಸ ತಿಕ್ಕಿ, ಕಾರನ್ನು ರಸ್ತೆಬದಿಯಲ್ಲಿ ಬೋಳು ಗುಡ್ಡದ ಕಡೆ ಮುಖಮಾಡಿ ನಿಲ್ಲಿಸಿದರು. ಹಪ್ಪಳ ಕಾಯುವ ಅಜ್ಜಿಯಂತೆ ಲತೇಶ ಪಕ್ಕದಲ್ಲೇ ನಿಂತ. 'ಶ್ರೀ' ನಿಧಾನಕ್ಕೆ ಮಾಸುತ್ತಿತ್ತು. ಅಷ್ಟರಲ್ಲಿ ಒಂದು ಕಾರು ಬಂದು ನಿಂತಿತು. ಬೆಳ್ಳನೆಯ ನಿಲುವಂಗಿ ದಿಶ್‌ದಾಶಾ, ತಲೆಗೆ ಕಸೂತಿಯ ಟೋಪಿ ತೊಟ್ಟ ಹಿರಿಯ ಒಮಾನಿಯೊಬ್ಬರು ಇಳಿದು ಬಾನೆಟ್ಟನ್ನೇ ನೋಡತೊಡಗಿದರು.

"ಯೇ ಕ್ಯಾ ಲಿಖಾ ಹೈ, ಸದೀಕ್?" ಇದೇನು ಬರೆದದ್ದು ಗೆಳೆಯಾ ಎಂದು ಮಸ್ಕತ್ತಿನ ಹಳಬರ ಸೊಗಸಾದ ಹಿಂದಿಯಲ್ಲಿ ಕೇಳಿದರು.

ಮಫ್ತಿ ಪೊಲೀಸರಿರಬಹುದೇ? ಅಲ್ಲದಿದ್ದರೂ ಮ್ಯಾನೇಜರ ಕಾರಿಗೆ ಕದ್ದು ಬಣ್ಣ ಬಳಿದೆ ಎಂದು ಹೇಳಿಕೊಳ್ಳುವುದು ಹೇಗೆ? ಗಾಬರಿಯಲ್ಲಿ ಲತೇಶನಿಗೆ ನೆನಪಾದದ್ದು ಹೊನ್ನಪ್ಪನವರ ಪುರಾಣವೊಂದೇ. ಕಣ್ಣು ಮುಚ್ಚಿ ಅದನ್ನೇ ಬಿಚ್ಚಿದ.

"ಬಾಬಾ, ಇದು ಗೌರವ. ಈ ಕಂಪನಿಯನ್ನು ಲೋಕಕ್ಕೆ ತೋರಿಸಿದ್ದು ಒಬ್ಬ ಹೆಂಗಸು, ಬೆರ್ತಾ ಅಂತ. ಗಂಡನ ಗಾಡಿಯನ್ನು ಯಾರೂ ನಂಬದಿದ್ದಾಗ ಮಕ್ಕಳನ್ನು ಕೂರಿಸಿಕೊಂಡು ತವರಿಗೆ ಓಡಿಸಿದಳು. ಎಣ್ಣೆಯ ಕೊಳವೆ ಕಟ್ಟಿಕೊಂಡರೆ ಟೋಪಿಯ ಪಿನ್ನು ಚುಚ್ಚಿ ಬಿಡಿಸಿದಳು. ಬ್ರೇಕು ಸವೆದರೆ ಚಮ್ಮಾರನ ಹತ್ತಿರ ಚರ್ಮ ಹೊಡೆಸಿದಳು. ಏರು ಬಂದರೆ ಮಕ್ಕಳಿಂದ ನೂಕಿಸಿದಳು. ತವರಿಗೆ ಬಂದ ಹೆಣ್ಣುಮಗಳನ್ನು ನಮ್ಮಲ್ಲಿ ಅರಿಶಿನ ಕುಂಕುಮ ಕೊಡದೆ ಕಳಿಸುವುದಿಲ್ಲ. ಅದಕ್ಕೆ ವರ್ಷಕ್ಕೊಂದು ದಿನ ಆಕೆಯ ಗಾಡಿಗೆ ಇದು."

ಕೊನೆಯ ವಾಕ್ಯ ಹಸಿ ಸುಳ್ಳು. ಆದರೆ ಹೇಳಿ ಮುಗಿಸುವ ಹೊತ್ತಿಗೆ ಸ್ವತಃ ಲತೇಶನೇ ಅದನ್ನು ನಂಬಿಬಿಟ್ಟಿದ್ದ. ಹಿರಿಯರು ಎದೆಯ ಮೇಲೆ ಕೈಯಿಟ್ಟು "ಮಾಶಾ ಅಲ್ಲಾಹ್" ಎಂದರು. ಹೆಸರು, ಕೆಲಸ, ಊರು ಎಲ್ಲ ವಿಚಾರಿಸಿ, ಮುಗುಳ್ನಕ್ಕು, ಬೆನ್ನು ತಟ್ಟಿ ಹೋದರು.

ಶಾಫಿ ಗ್ಯಾರೇಜಿನಿಂದ ಓಡಿ ಬಂದ. "ಅಣ್ಣ, ಅದು ಯಾರಂತ ಗೊತ್ತುಂಟಾ? ನಿಮ್ಮ ಕಂಪನಿಯ ಕಫೀಲ್! ಈ ಗಲ್ಲಿಯ ಅರ್ಧ ಅವರದ್ದೇ."

ಲತೇಶ ಆ ಕಾರು ಹೋದ ದಿಕ್ಕಿಗೇ ತಿರುಗಿ ಕೈಮುಗಿದ. ಏಳು ವರ್ಷ ದುಡಿದರೂ ಕಫೀಲ್‌ನ ಮುಖ ನೋಡಿರಲಿಲ್ಲ. ಕಂಪನಿಯ ಧಣಿಯೇ ಬೆನ್ನು ತಟ್ಟಿದ ಮೇಲೆ ಖುರುಮ್‌ನ ಕುರ್ಚಿ ಎಲ್ಲಿಗೆ ಹೋದೀತು? ನಾಲ್ಕೂವರೆಗೆ ಕಾರೂ ಹಾಲಿನಂತೆ ಬೆಳ್ಳಗಾಯಿತು. ಪ್ರಣೀತಾಗೆ ಫೋನು ಮಾಡಿ, "ಸುವೈಕ್‌ನ ನನ್ನ ಹಾಸಿಗೆಯನ್ನು ಯಾರಿಗೆ ಕೊಡುವುದು ಅಂತ ಯೋಚನೆ ಮಾಡು" ಎಂದ.

ಆರೂಕಾಲಕ್ಕೆ ಹೊನ್ನಪ್ಪನವರು ಏರ್‌ಪೋರ್ಟಿನಿಂದ ಹೊರಬಂದದ್ದೇ ಫೋನನ್ನು ಕಿವಿಗೆ ಒತ್ತಿಕೊಂಡು. ಮುಗಿಸಿ, ಕಾರಿಗೊಂದು ಸುತ್ತು ಬಂದು, ಬಾನೆಟ್ಟಿನ ಮೇಲೆ ಬೆರಳಾಡಿಸಿ, ಒಳಗೆ ಕುಳಿತರು.

"ಫ್ರೆಶ್ಶಾಗಿದೆ ಕಣ್ರೀ. ಗ್ರೂಪಲ್ಲಿ ಅದ್ಯಾವುದೋ ಕೆಂಪು ನೀರಿನ ಫೋಟೋ, ಯಾವನೋ ನನ್ನ ಆತ್ಮಕ್ಕೆ ಶಾಂತಿ ಬೇರೆ ಕೋರಿದ್ದಾನೆ, ಅದನ್ನೆಲ್ಲ ನಾಳೆ ವಿಚಾರಿಸ್ತೀನಿ. ಈಗ ಫೋನಲ್ಲಿದ್ದಿದ್ದು ಯಾರು ಗೊತ್ತಾ? ಕಫೀಲ್! ಏನು ಮೋಡಿ ಮಾಡಿದ್ರಿ ನೀವು? ಬೆಂಜ್ ಇತಿಹಾಸ ಇಷ್ಟು ತಿಳ್ಕೊಂಡಿರೋ ಮನುಷ್ಯನ್ನ ಇದುವರೆಗೆ ನೋಡೇ ಇಲ್ವಂತೆ. ಯಾರ್ರೀ ಹೇಳಿಕೊಟ್ಟಿದ್ದು ಅದನ್ನೆಲ್ಲ?"

"ನೀವೇ ಸಾರ್."

ಹೊನ್ನಪ್ಪನವರು ಸೀಟ್ ಬೆಲ್ಟ್ ಎಳೆದು ಸಿಕ್ಕಿಸಿಕೊಂಡರು. "ಹೂಂ. ನಾನು ಆರು ವರ್ಷದಿಂದ ಹೇಳ್ತಾ ಇದೀನಿ, ನನ್ನನ್ನ ಯಾರೂ ಕೇಳಲ್ಲ. ಇರ್ಲಿ. ನಿಮಗೆ ಪ್ರಮೋಷನ್ ಕಣ್ರೀ! ಸಂಬಳನೂ ಜಾಸ್ತಿ."

"ಖುರುಮ್ ಆಫೀಸಾ ಸಾರ್?" ಲತೇಶ ಸ್ಟೇರಿಂಗು ಹಿಡಿದುಕೊಂಡೇ ಅವರತ್ತ ತಿರುಗಿದ.

"ಅಲ್ಲಿ ಫೈಲು ತಿರುವಿಹಾಕೋಕೆ ನೀವ್ಯಾಕೆ? ಆ ಫೌಸ್ಟಿನ್ ಸಾಕು. ಕಫೀಲ್ ಹತ್ರ ಹಳೇ ಬೆಂಜ್ ಕಾರುಗಳ ದೊಡ್ಡ ಸಂಗ್ರಹ ಇದೆ. ಒಂದೊಂದೂ ನಮ್ಮಪ್ಪನ ಕಾಲದ್ದು. ತೋಟದಲ್ಲಿ ಶೆಡ್ ಕಟ್ಟಿಸಿ ಇಟ್ಟಿದ್ದಾರೆ. ಅದಕ್ಕೊಬ್ಬ ತಿಳಿದವನು ಬೇಕು ಅಂತ ವರ್ಷಗಳಿಂದ ಹುಡುಕ್ತಾ ಇದ್ರು. ಇನ್ಮೇಲೆ ಅದರ ಉಸ್ತುವಾರಿ ನಿಮ್ಮದೇ."

"ತೋಟ ಎಲ್ಲಿ ಸಾರ್?"

"ನಿಮಗೆ ದೂರ ಹೋಗೋ ಕಷ್ಟವೇ ಇಲ್ಲ. ನಿಮ್ಮ ಸುವೈಕ್‌ನಲ್ಲೇ, ಅಂಗಡಿಯಿಂದ ನಡೆದೇ ಹೋಗಬಹುದು."

ಲತೇಶ ಕಾರನ್ನು ಗೇಟಿನಿಂದ ಹೊರಗೆ ತಿರುಗಿಸಿದ. ಮುಂದೆ ಹೆದ್ದಾರಿಯ ದೀಪಗಳು ಒಂದೊಂದಾಗಿ ಹತ್ತಿಕೊಳ್ಳುತ್ತಿದ್ದವು. ಪ್ರಣೀತಾಳ ಫೋನು ಬಂದು ಜೇಬಿನಲ್ಲಿ ಗುಂಯ್‌ಗುಡುತ್ತಲೇ ಇತ್ತು. ಸರಿ, ಶುಕ್ರವಾರವೊಂದು ಇದೆಯಲ್ಲ, ಇದ್ದದ್ದಾದರೂ ಇರಲಿ ಎಂದು ಅವನು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತಿದ್ದ.

"ಇನ್ನೊಂದು ಹೇಳೋದು ಮರೆತೆ" ಎಂದರು ಹೊನ್ನಪ್ಪನವರು, ಸೀಟನ್ನು ಹಿಂದಕ್ಕೆ ವಾಲಿಸಿಕೊಳ್ಳುತ್ತಾ. "ಅವರು ಸ್ನೇಹಿತರನ್ನೆಲ್ಲ ಕರ್ಕೊಂಡು ಕಾರು ತೋರಿಸೋಕೆ ಬರ್ತಾರೆ. ನೀವು ಅಲ್ಲೇ ಇದ್ದು ಆ ಬೆರ್ತಾ ಕತೆ ಹೇಳ್ಬೇಕು, ಇವತ್ತು ಹೇಳಿದ ಹಾಗೇ. ವಾರದಲ್ಲಿ ಒಂದೇ ದಿನ. ಶುಕ್ರವಾರ."